ಒಂದು ಜಾಗ ಬಿಟ್ಟು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಖಾಲಿ ಜಾಗ. ಬರೆಯುವಾಗ ಎರಡು ಪದಗಳ ನಡುವೆ ಬಿಡುತ್ತೇವಲ್ಲ, ಅದೇ. ಅದರೊಳಗೆ ಒಂದು ಇರುವೆ ಕೂಡ ನೆಟ್ಟಗೆ ಮಗ್ಗುಲು ಬದಲಿಸಲಾರದು. ಆದರೆ ನಮ್ಮ ಕಂಸರಾಯನ ಇಡೀ ಒಂದು ದಿನ ಅದರೊಳಗೆ ಬಿದ್ದು ಹೋಯಿತು.

ಕಂಸರಾಯ ಎಂಬುದು ಮನೆಯವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಪಠ್ಯಪುಸ್ತಕ ಅಚ್ಚು ಹಾಕುವ ದೊಡ್ಡ ಕಚೇರಿ ಅದು. ಮೂರನೆಯ ಮಹಡಿಯ ತುದಿಯಲ್ಲಿ, ಹಳೆಯ ಅಚ್ಚುಮೊಳೆಗಳ ಪೆಟ್ಟಿಗೆಗಳನ್ನೂ ದಾಟಿ ಹೋದರೆ ಸಿಗುವ ಕೋಣೆಯಲ್ಲಿ ಅವನೊಬ್ಬನೇ ಕೂತು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ. ಬರೆಯುತ್ತಿದ್ದುದು ಲಿಸ್ಪ್ ಎಂಬ ಹಳೆಯ ಭಾಷೆಯಲ್ಲಿ. ಆ ಭಾಷೆಯಲ್ಲಿ ಏನು ಹೇಳುವುದಿದ್ದರೂ ಕಂಸ ಹಾಕಿ ಅದರೊಳಗೆ ಹೇಳಬೇಕು. ಕಂಸದೊಳಗೆ ಕಂಸ, ಅದರೊಳಗೆ ಮತ್ತೊಂದು. ಯಾರೋ ಒಂದು ದಿನ ಅವನ ಪರದೆ ನೋಡಿ ಇದೇನು ಬರೀ ಕಂಸ ಅಂದರು, ಅಂದಿನಿಂದ ಇವನು ಕಂಸರಾಯನಾದ. ನೊಣ ಬಂದು ಮೂಗಿನ ಮೇಲೆ ಕೂತರೆ ತಾನೇ ಕ್ಷಮೆ ಕೇಳುವಂಥ ಮನುಷ್ಯನಿಗೆ ಈ ಹೆಸರು!

ಕಚೇರಿಯ ಮುನ್ನೂರ ನಲವತ್ತು ಜನರ ಪರದೆಗಳಿಗೆ ಸೂಚನೆ ಕಳಿಸುವುದು ಅವನ ಪ್ರೋಗ್ರಾಮಿನ ಕೆಲಸ. ನಾಳೆ ನೀರು ಬರುವುದಿಲ್ಲ, ಆರನೆಯ ತರಗತಿಯ ಗಣಿತದಲ್ಲಿ ತೊಂಬತ್ತನೆಯ ಪುಟ ಬದಲಾಗಿದೆ, ಇಂಥವು. ಒಂದೇ ಕೆಲಸವನ್ನು ಒಬ್ಬರಾದ ಮೇಲೆ ಒಬ್ಬರಿಗೆ ಮಾಡಿಸುತ್ತ ಹೋಗುವುದಕ್ಕೆ ಲೂಪ್ ಅನ್ನುತ್ತಾರೆ. ಬೇರೆ ಭಾಷೆಗಳಾದರೆ ಯಾರೋ ಮಾಡಿಟ್ಟ ಲೂಪನ್ನು ತೆಪ್ಪಗೆ ಬಳಸಬೇಕು. ಲಿಸ್ಪಿನಲ್ಲಿ ಹಾಗಿಲ್ಲ. ಪದ ಹಿಡಿಸಲಿಲ್ಲವೋ, ನೀವೇ ಹೊಸ ಪದ ಹುಟ್ಟಿಸಿಕೊಳ್ಳಬಹುದು. ಅದಕ್ಕೆ ಮ್ಯಾಕ್ರೊ ಎಂದು ಹೆಸರು. ಈ ಸ್ವಾತಂತ್ರ್ಯ ಒಳ್ಳೆಯದೇ, ಆದರೆ ಒಂಟಿ ಮನುಷ್ಯರ ಕೈಗೆ ಸಿಗಬಾರದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮಾತಾಡಲು ಯಾರೂ ಇಲ್ಲದವನು ಭಾಷೆಯನ್ನೇ ಕಟ್ಟಲು ಕೂತುಬಿಡುತ್ತಾನೆ.

ಕಂಸರಾಯ ಕೂತದ್ದು ಎರಡು ವರ್ಷ. ಆ ಎರಡು ವರ್ಷದಲ್ಲಿ ಅವನು ಲೂಪಿಗೆಂದು ಹನ್ನೊಂದು ಪದ ಮಾಡಿದ. ಮನೆಯಲ್ಲಿ ಮಾತಾಡುವ ಹಾಗೆಯೇ ಇರಬೇಕು, ಕ್ರಿಯಾಪದ ಕೊನೆಗೇ ಬರಬೇಕು ಎಂಬುದು ಅವನ ಹಟ. ‘ಕಳಿಸು’ ಅಂದರೆ ಕಂಪ್ಯೂಟರು ಪ್ರತಿಯೊಬ್ಬರಿಗೂ ಮುಂಚೆ ‘ಕಳಿಸಲೇ?’ ಎಂದು ಕೇಳಿ ಕಳಿಸುತ್ತದೆ. ‘ಕಳಿಸಿಬಿಡು’ ಅಂದರೆ ಕೇಳುವುದು ಗೀಳುವುದು ಇಲ್ಲ, ಎಲ್ಲರಿಗೂ ಸರಸರನೆ ಹೋಗುತ್ತದೆ. ಬರೀ ‘ಕಳಿಸಿ’ ಅಂದರೆ ಒಬ್ಬರಿಗೆ ಕಳಿಸಿ, ಮುಂದೇನು ಎಂದು ಮುಂದಿನ ಪದಕ್ಕೆ ಕಾಯುತ್ತದೆ. ಬರೀ ‘ಬಿಡು’ ಅಂದರೆ ಕೆಲಸ ಅಲ್ಲಿಗೇ ಬಿಟ್ಟು ಲೂಪಿನಿಂದ ಹೊರಗೆ ಬರುತ್ತದೆ. ಕಚೇರಿಯಲ್ಲಿ ಇದನ್ನು ಓದಿ ‘ಭಲೆ’ ಅನ್ನಬಲ್ಲವರು ಒಬ್ಬರಿದ್ದರೆ ಅದು ಮೇಡಂ ಮಾತ್ರ.

ಮೇಡಂ ಅವನಿಗೆ ಲಿಸ್ಪ್ ಕಲಿಸಿದವರು. ಆ ಹನ್ನೊಂದರಲ್ಲಿ ಸೇರದ ‘ಬಿಡು’ ಪದ ಅವರದೇ. ಮ್ಯಾಕ್ರೊ ಅಂದರೇನು ಎಂದು ತೋರಿಸಲು ಮೊದಲ ದಿನ ಅವನೆದುರಿಗೇ ಮಾಡಿದ್ದು. ಐದು ವರ್ಷ ಇಬ್ಬರೂ ಅದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆದರೆ ಆ ಹತ್ತೂ ಮಾತು ಅವನಿಗೆ ಬೇಕಾದವು. ಆಮೇಲೆ ಅವರನ್ನು ರಸ್ತೆಯಾಚೆಯ ಕಟ್ಟಡಕ್ಕೆ, ಹಳೆಯ ಪುಸ್ತಕಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ಅವರದೂ ಒಂಟಿ ಕೋಣೆ. ಮೊದಮೊದಲು ವಾರಕ್ಕೊಮ್ಮೆ ಒಂದು ಸಾಲು ಬರೆದು ಕಳಿಸುವುದಿತ್ತು, ಆಮೇಲೆ ತಿಂಗಳಿಗೊಮ್ಮೆ ಆಯಿತು, ಆಮೇಲೆ ಯಾರು ಮೊದಲು ನಿಲ್ಲಿಸಿದರೋ ಗೊತ್ತಿಲ್ಲ. ಅವರು ಹೋದ ಮೇಲೆ ಕಂಸರಾಯನಿಗೆ ತುಂಬ ಬೇಜಾರಾಗಿತ್ತು. ಆರು ವರ್ಷವಾದರೂ ಅದು ಕಡಿಮೆಯಾಗಿರಲಿಲ್ಲ, ಅಷ್ಟೇ.

ಆ ದಿನ ಮೇಡಂಗೆ ನಿವೃತ್ತಿ. ಭಾಷಣ ಬೇಡ, ಗಡಿಯಾರ ಕೊಡುವುದು ಬೇಡ, ಜನ ಸೇರಿದರೆ ನನಗೆ ತಲೆ ಸುತ್ತುತ್ತದೆ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಸಂಜೆ ಐದರ ಬಸ್ಸಿಗೆ ಹೋದರೆ ಮತ್ತೆ ಈ ಕಡೆ ಬರುವವರಲ್ಲ. ಹೋಗುವ ಮುಂಚೆ ಹತ್ತು ನಿಮಿಷ ತನ್ನ ಪಕ್ಕ ಕೂತು ಆ ಹನ್ನೊಂದು ಪದಗಳನ್ನು ಅವರು ನೋಡಬೇಕು. ಕಂಸರಾಯನಿಗೆ ಬೇಕಾಗಿದ್ದುದು ಇಷ್ಟೇ.

ಹಾಗಿದ್ದರೆ ರಸ್ತೆ ದಾಟಿ ಹೋಗಿ ‘ಬನ್ನಿ ಮೇಡಂ’ ಅನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೀವು ಅನ್ನುತ್ತೀರಿ, ನಾನೂ ಅನ್ನುತ್ತೇನೆ. ಕಂಸರಾಯನಿಂದ ಅದು ಆಗುವ ಮಾತಲ್ಲ. ಅದೂ ಅಲ್ಲದೆ, ಕರೆಯುವ ಪತ್ರವನ್ನೂ ತನ್ನ ಹೊಸ ಲೂಪೇ ಕಳಿಸಬೇಕು, ಕಳಿಸಿದ ಸಾಲು ಪತ್ರದ ಅಡಿಯಲ್ಲಿ ಕಾಣಬೇಕು, ಅದನ್ನು ಓದಿದ ಕೂಡಲೇ ಮೇಡಂಗೆ ಇದು ತಮಗೊಬ್ಬರಿಗೇ ಬಂದದ್ದೆಂದು ಹೊಳೆಯಬೇಕು ಎಂದು ಅವನ ಆಸೆ. ಹಿರಿತನದ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಹಾಗಾಗಿ ಅವನು ಹೀಗೆ ಬರೆದ:

(ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಪತ್ರ ಕಳಿಸಿ ಬಿಡು)

ಅಂದರೆ ಮೊದಲನೆಯವರಿಗೆ ಕಳಿಸಿ, ಅಲ್ಲಿಗೇ ಬಿಡು. ಪತ್ರ ಬರೆಯಲು ಮಾತ್ರ ಒಂದು ಗಂಟೆ ಹಿಡಿಯಿತು. ಮೇಲೆ ‘ಮೇಡಂ’ ಎಂದು ಬರೆದ, ನೀರಿನ ಸೂಚನೆಯ ಹಾಗೆ ಕಂಡಿತು, ಅಳಿಸಿದ. ‘ಪ್ರೀತಿಯ ಮೇಡಂ’ ಎಂದು ಬರೆದ, ಕಿವಿ ಬಿಸಿಯಾಯಿತು, ಅದನ್ನೂ ಅಳಿಸಿದ. ಕೊನೆಗೆ ಸಂಬೋಧನೆಯೇ ಇಲ್ಲದೆ ಮೂರು ವಾಕ್ಯ ಉಳಿದವು: ‘ಇಂದು ಸಂಜೆ ನಾಲ್ಕಕ್ಕೆ ನನ್ನ ಕೋಣೆಗೆ ಬನ್ನಿ. ಬಹಳ ದಿನದಿಂದ ನಿಮಗೆ ಒಂದು ವಿಷಯ ತೋರಿಸಬೇಕೆಂದಿದ್ದೇನೆ. ಬೇರೆ ಯಾರೂ ಇರುವುದಿಲ್ಲ.’

ಇಷ್ಟು ಮಾಡಿ, ಗುಂಡಿ ಒತ್ತಲು ಧೈರ್ಯ ಸಾಲದೆ, ಮುಖ ತೊಳೆದುಕೊಂಡು ಬರಲು ಹೋದ. ಅದೇ ಹೊತ್ತಿಗೆ ಕಾಗುಣಿತ ಮೇಷ್ಟ್ರು ಸ್ಟೇಪ್ಲರ್ ಕೇಳಿಕೊಂಡು ಕೋಣೆಗೆ ಬಂದರು.

ಕಾಗುಣಿತ ಮೇಷ್ಟ್ರು ಅಂದರೆ ಕಚೇರಿಯ ಕರಡು ತಿದ್ದುವವರು. ಒಳ್ಳೆಯ ಮನುಷ್ಯ. ತಪ್ಪು ಕಂಡರೆ ಮಾತ್ರ ಕೈ ಕಟ್ಟಿ ನಿಲ್ಲಲಾರರು. ಬಸ್ಸಿನ ಹಿಂದೆ ಬರೆದದ್ದನ್ನು ತಿದ್ದಲು ಹೋಗಿ ಬಸ್ಸು ತಪ್ಪಿಸಿಕೊಂಡವರು. ಪರದೆಯ ಮೇಲೆ ‘ಕಳಿಸಿ ಬಿಡು’ ಎಂದು ಬಿಡಿಸಿ ಬರೆದದ್ದು ಅವರಿಗೆ ಕಂಡಿತು. ಪಾಪ, ಹುಡುಗ ಇಷ್ಟು ದೊಡ್ಡ ತಪ್ಪಿಟ್ಟುಕೊಂಡು ಸೂಚನೆ ಕಳಿಸಿದರೆ ನಾಲ್ಕು ಜನ ನಗುವುದಿಲ್ಲವೇ ಎಂದು, ನಡುವಿನ ಜಾಗ ಅಳಿಸಿ ಎರಡನ್ನೂ ಕೂಡಿಸಿದರು. ಸ್ಟೇಪ್ಲರ್ ತಗೊಂಡು ಹೊರಟುಹೋದರು. ಕಂಸರಾಯ ಬಂದು, ಕಣ್ಣು ಮುಚ್ಚಿಕೊಂಡು, ಗುಂಡಿ ಒತ್ತಿದ.

ಒಂದು ಗಂಟೆ ಕಚೇರಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಬೇರೆ ಯಾರೂ ಇರುವುದಿಲ್ಲ ಎಂದಿತ್ತಲ್ಲ, ಮುನ್ನೂರ ನಲವತ್ತು ಜನರೂ ಅದು ತಮಗೊಬ್ಬರಿಗೇ ಬಂದದ್ದೆಂದು ಗುಟ್ಟಾಗಿಟ್ಟುಕೊಂಡಿದ್ದರು. ಅಡಿಯಲ್ಲಿದ್ದ ಕಂಸದ ಸಾಲನ್ನು ಓದುವ ಗೋಜಿಗೆ ಅವರಲ್ಲಿ ಯಾರು ಹೋಗುತ್ತಾರೆ? ಬೈಂಡಿಂಗ್ ವಿಭಾಗದ ಹಿರಿಯರು ಇವನು ತಮ್ಮ ಮಗಳನ್ನು ಕೇಳಲಿಕ್ಕೇ ಕರೆದಿರುವುದೆಂದು ತಿಳಿದು, ಹುಡುಗ ಸ್ವಲ್ಪ ಮಂಕು, ಆದರೂ ಪರವಾಗಿಲ್ಲ ಎಂದು ಮನಸ್ಸು ಮಾಡಿದರು. ಕಾಗದದ ಗೋದಾಮಿನವರು ತಮ್ಮ ಮೇಲೆ ಯಾರೋ ಚಾಡಿ ಹೇಳಿದ್ದಾರೆ, ಅದನ್ನು ತೋರಿಸಲು ಕರೆದಿದ್ದಾನೆ ಎಂದುಕೊಂಡರು. ಹನ್ನೊಂದರ ಚಹಾ ಹೊತ್ತಿಗೆ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದರು, ನನಗೂ ಬಂದಿದೆ ಎಂದು ಆ ಇನ್ನೊಬ್ಬರು ಅಂದರು, ಅಲ್ಲಿಗೆ ಮುಗಿಯಿತು. ಮಗಳ ತಂದೆಗೆ ಬಂದ ಸಿಟ್ಟನ್ನು ನಾನು ಬಣ್ಣಿಸುವುದಿಲ್ಲ.

ಕಚೇರಿಯ ಮುಖ್ಯಸ್ಥರು, ಎಲ್ಲರೂ ಸಾಹೇಬರು ಅನ್ನುವವರು, ಕಂಸರಾಯನನ್ನು ಕರೆಸಿದರು. ಅವರಿಗೂ ಪತ್ರ ಹೋಗಿತ್ತು.

‘ಬೇರೆ ಯಾರೂ ಇರೋದಿಲ್ಲ ಅಂತ ಮುನ್ನೂರ ನಲವತ್ತು ಜನಕ್ಕೆ ಬರೆದಿದ್ದೀಯಲ್ಲಯ್ಯಾ,’ ಅಂದರು. ‘ಹಾಗಂದ್ರೆ ಏನರ್ಥ?’

ಕಂಸರಾಯ ಅದು ಪ್ರೋಗ್ರಾಮಿನ ತಪ್ಪು ಎಂದು ತೊದಲಿದ. ಯಾರಿಗೆ ಬರೆದದ್ದು ಎಂದು ಅವರು ಕೇಳಿದ್ದರೆ ಏನು ಹೇಳುತ್ತಿದ್ದನೋ, ದೇವರಿಗೇ ಗೊತ್ತು. ಅವರು ಕೇಳಲಿಲ್ಲ. ಕರೆದದ್ದಾಯಿತು, ಈಗ ಬರಬೇಡಿ ಅಂದರೆ ಕಚೇರಿಯ ಮರ್ಯಾದೆ ಏನಾಗಬೇಕು, ಅದೇನು ತೋರಿಸಬೇಕೆಂದಿದ್ದೀಯೋ ಎಲ್ಲರಿಗೂ ತೋರಿಸು ಎಂದು ಅಪ್ಪಣೆ ಮಾಡಿದರು. ಇನ್ನು ತಮ್ಮನ್ನು ಕೇಳದೆ ಒಂದು ಸೂಚನೆಯೂ ಹೋಗಕೂಡದು ಎಂದು ಕಳಿಸುವ ಅನುಮತಿಯನ್ನೂ ಕಿತ್ತುಕೊಂಡರು.

ಅವನು ಕೋಣೆಗೆ ಓಡಿ ಬಂದು ಪರದೆ ನೋಡಿದ. ಜಾಗ ಇರಲಿಲ್ಲ. ತಾನು ಬಿಟ್ಟ ಜಾಗ ಎಲ್ಲಿ ಹೋಯಿತು ಎಂದು ತಲೆ ಕೆಡಿಸಿಕೊಂಡು ನಿಂತಿರುವಾಗ ಮೇಷ್ಟ್ರು ಸ್ಟೇಪ್ಲರ್ ಹಿಂದಿರುಗಿಸಲು ಬಂದರು.

‘ಬೆಳಗ್ಗೆ ನಾನು ನೋಡದೆ ಇದ್ದಿದ್ರೆ ಮಾನ ಹೋಗ್ತಿತ್ತು ನೋಡು,’ ಅಂದರು. ‘ಕಳಿಸಿಬಿಡು ಅನ್ನೋದನ್ನ ಯಾರಾದ್ರೂ ಬಿಡಿಸಿ ಬರೀತಾರೇನಪ್ಪಾ? ಕೂಡಿಸಿದೆ.’

ಕಂಸರಾಯ ಅವರ ಮುಖ ನೋಡಿದ. ಅಷ್ಟು ಸಂತೋಷದ ಮುಖಕ್ಕೆ ಬಯ್ಯುವುದು ಅವನಿಗೆ ಬರಲಿಲ್ಲ. ‘ಥ್ಯಾಂಕ್ಸ್ ಮೇಷ್ಟ್ರೇ,’ ಅಂದ.

ಆಮೇಲೆ ಶುರುವಾಯಿತು ಸಂಭ್ರಮ. ಅಟೆಂಡರಮ್ಮ ಕುರ್ಚಿ ಹೊರಿಸಿಕೊಂಡು ಬಂದಳು. ಹನ್ನೆರಡು ಕುರ್ಚಿಗೆ ಕೋಣೆ ತುಂಬಿತು, ಉಳಿದವನ್ನು ಕಾರಿಡಾರಿನಲ್ಲಿ ಸಾಲಾಗಿ ಮೆಟ್ಟಿಲಿನವರೆಗೂ ಹಾಕಿಸಿದಳು. ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿದರು. ಮೈಕ್ ಬೇಕು ಅಂದವರಿದ್ದರು, ಮೊದಲು ಸ್ವಾಗತ ಯಾರದು ಎಂದು ಕೇಳಿದವರಿದ್ದರು. ಏನು ತೋರಿಸುತ್ತೀಯ, ಒಂದು ಸಣ್ಣ ಸುಳಿವು ಕೊಡು ಎಂದು ಪೀಡಿಸಿದವರಿಗೆ ಲೆಕ್ಕವಿಲ್ಲ. ಲೂಪು ಅಂದ. ಅದು ತಿನ್ನುವುದೋ ಉಡುವುದೋ ಎಂದು ಒಬ್ಬರು ಕೇಳಿದರು. ಆರು ವರ್ಷದಲ್ಲಿ ಆ ಕೋಣೆಗೆ ಅಷ್ಟು ಜನ ಬಂದದ್ದು ಅದೇ ಮೊದಲು. ಕಂಸರಾಯ ಅವರೆಲ್ಲರ ನಡುವೆ ನಿಂತಿದ್ದ, ಅವನಿಗೆ ಯಾವತ್ತಿಗಿಂತ ಹೆಚ್ಚು ಒಂಟಿ ಅನ್ನಿಸುತ್ತಿತ್ತು.

ಎರಡು ಸಲ ತಪ್ಪಿಸಿಕೊಂಡು ಮೇಡಂ ಹತ್ತಿರ ಹೋಗಲು ನೋಡಿದ. ಮೊದಲ ಸಲ ಬೈಂಡಿಂಗ್ ಹಿರಿಯರು ಮೆಟ್ಟಿಲಲ್ಲೇ ತಡೆದು, ತಮ್ಮ ಮಗಳಲ್ಲಿ ಏನು ಕೊರತೆ ಕಂಡೆ ಎಂದು ಅರ್ಧ ಗಂಟೆ ನಿಲ್ಲಿಸಿಕೊಂಡರು. ಎರಡನೆಯ ಸಲ ರಸ್ತೆಯವರೆಗೂ ಹೋದ. ಆಚೆ ಬದಿಯ ಕಟ್ಟಡದಲ್ಲಿ ಮೇಡಂ ಕಿಟಕಿ ಕಾಣುತ್ತಿತ್ತು, ಅವರು ಕಪಾಟು ಖಾಲಿ ಮಾಡುತ್ತಿದ್ದರು. ಆದರೆ ಅಲ್ಲಿ ಹೋಗಿ ಏನು ಹೇಳುವುದು? ಅದು ಎಲ್ಲರಿಗೂ ಹೋದದ್ದು ತಪ್ಪಿ, ಬರೆದದ್ದು ನಿಮಗೊಬ್ಬರಿಗೇ ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿ ನೋಡಿದ. ಮೂರು ಸಲವೂ ‘ನಿಮಗೊಬ್ಬರಿಗೇ’ ಎಂಬಲ್ಲಿಗೆ ಬಂದು ನಿಂತಿತು. ವಾಪಸು ಬಂದ.

ಮೂರು ಗಂಟೆಗೆ ಸಾಹೇಬರು ವ್ಯವಸ್ಥೆ ನೋಡಲು ಮೇಲೆ ಬಂದರು. ಕಾರಿಡಾರಿನ ಒಂದು ಪಕ್ಕ ಅಚ್ಚುಮೊಳೆಗಳ ಪೆಟ್ಟಿಗೆಗಳು, ಎಲ್ಲ ಸೀಸ. ಇನ್ನೊಂದು ಪಕ್ಕ ಕುರ್ಚಿ. ಕಟ್ಟಡ ನೋಡಿಕೊಳ್ಳುವ ಎಂಜಿನಿಯರು ಅವರ ಹಿಂದೆಯೇ ಬಂದು, ಈ ಸೀಸದ ಭಾರದ ಜೊತೆಗೆ ಮುನ್ನೂರ ನಲವತ್ತು ಜನ ಬಂದು ನಿಂತರೆ ನಾವೆಲ್ಲ ಎರಡನೆಯ ಮಹಡಿಯಲ್ಲಿ ಸಭೆ ಮುಗಿಸಬೇಕಾಗುತ್ತದೆ, ಅದೂ ಮಲಗಿಕೊಂಡು ಎಂದು ಮೆಲ್ಲಗೆ ಹೇಳಿದರು. ಸಾಹೇಬರು ತಾವು ನಿಂತಿದ್ದ ಜಾಗದಿಂದ ಒಂದು ಹೆಜ್ಜೆ ಹಿಂದೆ ಸರಿದರು.

‘ಬರಬೇಡಿ ಅಂತ ಕಳಿಸಯ್ಯಾ,’ ಅಂದರು. ‘ಒಂದೇ ಒಂದು ಸೂಚನೆ. ಆಮೇಲೆ ಕೈ ತೆಗೀಬೇಕು.’

ಕಂಸರಾಯನ ಮೈಯಲ್ಲಿ ಜೀವ ಬಂತು. ಅವನ ಹನ್ನೊಂದು ಪದಗಳಲ್ಲಿ ‘ಬಿಟ್ಟು’ ಎಂಬುದೂ ಒಂದು. ಯಾರನ್ನು ಬಿಡಬೇಕೋ ಹೇಳಿದರೆ ಅವರನ್ನು ಮುಟ್ಟದೆ ಲೂಪು ಮುಂದೆ ಹೋಗುತ್ತದೆ. ‘ನಾಲ್ಕು ಗಂಟೆಯ ಕಾರ್ಯಕ್ರಮ ರದ್ದಾಗಿದೆ, ದಯವಿಟ್ಟು ಯಾರೂ ಬರಬೇಡಿ’ ಎಂದು ಪತ್ರ ಬರೆದು, ಅದರಡಿಯಲ್ಲಿ ಈ ಸಾಲು ಹಾಕಿದ:

(ಪಟ್ಟಿಯಲ್ಲಿ ಮೊದಲಿನವರನ್ನು ಬಿಟ್ಟು ಒಬ್ಬೊಬ್ಬರಿಗೂ ಪತ್ರ ಕಳಿಸಿಬಿಡು)

ಹಿಂದೆ ಸಾಹೇಬರು ನಿಂತಿದ್ದರು, ಅವರ ಹಿಂದೆ ಮೇಷ್ಟ್ರು. ‘ಈ ಸಲ ಸರಿಯಾಗಿ ಕೂಡಿಸಿ ಬರೆದಿದ್ದಾನೆ,’ ಎಂದು ಮೇಷ್ಟ್ರು ಸಾಹೇಬರಿಗೆ ಹೇಳಿದರು. ಕಂಸರಾಯ ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿ ಗುಂಡಿ ಒತ್ತಿದ. ಮುನ್ನೂರ ಮೂವತ್ತೊಂಬತ್ತು ಜನರಿಗೆ ಹೋಗಿದೆ ಎಂದು ಪರದೆ ಹೇಳಿತು. ಎರಡು ವರ್ಷದ ಕೆಲಸ ಒಂದು ಕ್ಷಣದಲ್ಲಿ ಸಾರ್ಥಕವಾಯಿತು ಎಂದು ಅವನಿಗೆ ಅನ್ನಿಸಿತು. ಬರಬೇಡಿ ಎಂದು ಹೇಳಿಸಿಕೊಳ್ಳದೆ ಉಳಿದವರು ಇಡೀ ಕಚೇರಿಯಲ್ಲಿ ಈಗ ಒಬ್ಬರೇ. ಸಾಹೇಬರು ಕಳಿಸುವ ಅನುಮತಿಗೆ ಮತ್ತೆ ಬೀಗ ಹಾಕಿ ಇಳಿದು ಹೋದರು.

ಜನ ಗೊಣಗುತ್ತ ಚದುರಿದರು. ಅಟೆಂಡರಮ್ಮ ಕುರ್ಚಿಗಳನ್ನೆಲ್ಲ ಸಾಗಿಸಿದಳು. ಎರಡು ಇರಲಿ ಎಂದು ಕಂಸರಾಯ ಕೇಳಿಕೊಂಡ.

‘ಎರಡ್ಯಾಕೆ ಸಾರ್? ನೀವೊಬ್ರೇ ಅಲ್ವಾ?’

‘ಯಾರೋ ಒಬ್ರು ಬರ್ತಾರಮ್ಮ,’ ಅಂದ. ಹೇಳುವಾಗ ಅವನಿಗೆ ನಗು ಬಂತು. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲಂತೆ.

ಕೋಣೆ ಗುಡಿಸಿದ. ಕಿಟಕಿ ಒರೆಸಿದ. ಮೇಡಂ ಕೂರುವ ಕುರ್ಚಿಯನ್ನು ಪರದೆಯ ಎದುರಿಗೆ ಇಟ್ಟು, ತನ್ನದನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. ಹನ್ನೊಂದು ಪದಗಳನ್ನೂ ಪರದೆಯ ಮೇಲೆ ತೆರೆದಿಟ್ಟ. ಅವರು ಒಳಗೆ ಬರುತ್ತಿದ್ದಂತೆಯೇ ಕಣ್ಣಿಗೆ ಬೀಳುವುದು ಬೇಡ, ಕೂತ ಮೇಲೆ ತೋರಿಸಿದರೆ ಚೆನ್ನ ಎಂದು, ಒಗೆದ ಟವೆಲ್ಲೊಂದನ್ನು ಪರದೆಯ ಮೇಲೆ ಹೊದಿಸಿದ. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ ಇತ್ತು. ಬಾಗಿಲಿಗೆ ಮುಖ ಮಾಡಿ ಕೂತ.

ನಾಲ್ಕಾಯಿತು. ಮೇಡಂ ಎಂದೂ ತಡ ಮಾಡಿದವರಲ್ಲ, ಆದರೆ ಕಪಾಟು ಖಾಲಿ ಮಾಡುವುದಿತ್ತಲ್ಲ. ನಾಲ್ಕೂಕಾಲಾಯಿತು. ಮೂರು ಮಹಡಿ ಹತ್ತಬೇಕು, ಮೊಣಕಾಲು ನೋವು ಎಂದು ಹಿಂದೆ ಒಮ್ಮೆ ಹೇಳಿದ್ದರು. ನಾಲ್ಕೂವರೆಗೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು, ಅವನು ಎದ್ದು ನಿಂತ. ಸದ್ದು ಎರಡನೆಯ ಮಹಡಿಯಲ್ಲೇ ತಿರುಗಿಕೊಂಡಿತು. ಮತ್ತೆ ಕೂತ. ಅವರು ಬಂದರೆ ಮೊದಲು ಏನು ಹೇಳುವುದು ಎಂದು ಯೋಚಿಸಿಟ್ಟಿದ್ದ ಮಾತನ್ನು ಚಿಕ್ಕದು ಮಾಡಿದ, ಯಾಕೆಂದರೆ ಈಗ ಹತ್ತು ನಿಮಿಷವೂ ಸಿಗುವಂತಿರಲಿಲ್ಲ. ಐದು ನಿಮಿಷಕ್ಕೆ ಏಳು ಪದ ತೋರಿಸಬಹುದು. ಎರಡು ನಿಮಿಷವಾದರೆ ‘ಬಿಟ್ಟು’ ಒಂದೇ ಸಾಕು. ರಸ್ತೆಯಲ್ಲಿ ಐದರ ಬಸ್ಸು ಬಂದು ನಿಂತು, ಹೊರಟು ಹೋದ ಸದ್ದು ಕೇಳಿಸಿತು.

ಅವನು ಎದ್ದು ಟವೆಲ್ ತೆಗೆದ. ಹನ್ನೊಂದು ಪದಗಳ ಮೇಲೆ ಒಂದು ಪತ್ರ ಬಂದು ನಿಂತಿತ್ತು. ಬಂದ ಹೊತ್ತು ನಾಲ್ಕು ಗಂಟೆ ಎರಡು ನಿಮಿಷ.

‘ನಿನ್ನ ಪತ್ರ ಬೆಳಗ್ಗೆಯೇ ಸಿಕ್ಕಿತು. ಅದರಲ್ಲಿ ಬೇರೆ ಯಾರೂ ಇರುವುದಿಲ್ಲ ಎಂದಿದೆ. ಕೆಳಗಿನ ಸಾಲಿನಲ್ಲಿ ಒಬ್ಬೊಬ್ಬರಿಗೂ ಕಳಿಸಿಬಿಡು ಎಂದಿದೆ. ಪಟ್ಟಿಯಲ್ಲಿ ಮೊದಲಿನವಳು ನಾನು. ಕಳಿಸಿ ಎಂದಾದ ಮೇಲೆ ಒಂದು ಜಾಗ ಬಿಟ್ಟಿದ್ದರೆ ಇದು ನನಗೊಬ್ಬಳಿಗೇ ಎಂದಾಗುತ್ತಿತ್ತು. ಇದೆಯೇನೋ ಎಂದು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಇರಲಿಲ್ಲ. ಪತ್ರ ಒಂದು ಹೇಳಿ ಪ್ರೋಗ್ರಾಂ ಇನ್ನೊಂದು ಹೇಳಿದರೆ ಪ್ರೋಗ್ರಾಮನ್ನೇ ನಂಬಬೇಕು ಎಂದು ನಿನಗೆ ಕಲಿಸಿದವಳು ನಾನೇ ಅಲ್ಲವೇ? ಅಷ್ಟು ಜನರ ನಡುವೆ ಬಂದು ನಿಲ್ಲುವುದು ನನ್ನ ಕೈಲಾಗದು. ನಾಲ್ಕೂಕಾಲರ ಬಸ್ಸಿಗೇ ಹೋಗುತ್ತಿದ್ದೇನೆ. ಒಂದು ಮಾತು ಹೇಳಬೇಕು. ಆ ಸಾಲಿನಲ್ಲಿ ಒಂದು ಪದಕ್ಕೂ ನಾನು ತಡವರಿಸಲಿಲ್ಲ, ಎದುರಿಗೆ ಕೂತು ಮಾತಾಡಿದ ಹಾಗೆ ಓದಿಸಿಕೊಂಡು ಹೋಯಿತು. ಬಹಳ ಸಂತೋಷವಾಯಿತು. ನಾಳೆಯಿಂದ ನನಗೆ ಈ ವಿಳಾಸ ಇರುವುದಿಲ್ಲ.’

ಕಂಸರಾಯ ಅದನ್ನು ಎಷ್ಟು ಸಲ ಓದಿದನೋ ನನಗೆ ಗೊತ್ತಿಲ್ಲ. ಅಟೆಂಡರಮ್ಮ ಕುರ್ಚಿಗೆಂದು ಮೇಲೆ ಬಂದಾಗಲೂ ಪರದೆಯ ಮುಂದೆ ನಿಂತೇ ಇದ್ದ.

‘ಅವ್ರು ಬರ್ಲಿಲ್ವಾ ಸಾರ್?’ ಎಂದು ಅವಳು ಕೇಳಿದಳು.

‘ಇಲ್ಲಮ್ಮ,’ ಅಂದ. ‘ಓದಿದ್ರು.’

ಅವಳಿಗೆ ಏನೂ ಅರ್ಥವಾಗಲಿಲ್ಲ. ಅವನ ಕುರ್ಚಿಯೊಂದನ್ನು ಬಿಟ್ಟು, ಇನ್ನೊಂದನ್ನು ಎತ್ತಿಕೊಂಡು ಹೋದಳು.